ಒಂದೇ ಕಂಪ್ಯೂಟರ್, ಎರಡು ಓಎಸ್: ಆ ಕಡೆಯ ಫೈಲು ಈ ಕಡೆಯಿಂದ ತೆಗೆಯುವುದು ಹೇಗೆ?

ವಿಂಡೋಸ್ ಎಂಬ ಓಎಸ್ (ಆಪರೇಟಿಂಗ್ ಸಿಸ್ಟಮ್) ಜೊತೆಗೆ ಲಿನಕ್ಸನ್ನೂ ಹಾಕಿಕೊಂಡವರಿಗೆ ಮೊದಲ ವಾರದಲ್ಲೇ ಈ ಪೇಚು ಎದುರಾಗುತ್ತದೆ. ಲಿನಕ್ಸ್‌ನಲ್ಲಿ ಕೆಲಸ ಮಾಡುತ್ತಿದ್ದೀರಿ, ಬೇಕಾದ ಫೈಲು ವಿಂಡೋಸಿನ ಡೆಸ್ಕ್‌ಟಾಪ್ ಮೇಲೆ ಉಳಿದುಬಿಟ್ಟಿದೆ. ರೀಬೂಟ್ ಮಾಡದೆ ಅದನ್ನು ತೆಗೆಯಬಹುದೇ ಎಂದರೆ, ತೆಗೆಯಬಹುದು. ಇದರ ಉಲ್ಟಾ, ಅಂದರೆ ವಿಂಡೋಸಿನಿಂದ ಲಿನಕ್ಸಿನ ಫೈಲು ತೆಗೆಯುವುದು, ಸ್ವಲ್ಪ ತ್ರಾಸದ ಕೆಲಸ. ಆದರೆ ಅದಕ್ಕೂ ದಾರಿಗಳಿವೆ.

ಪಾರ್ಟಿಷನ್ ಎಂದರೆ ಡಿಸ್ಕಿನ ಮೇಲೆ ಇಲ್ಲಿಂದ ಇಲ್ಲಿಯವರೆಗೆ ಎಂದು ಹಾಕಿದ ಗಡಿ. ಆ ಗಡಿಯೊಳಗೆ ಯಾವ ಫೈಲು ಎಲ್ಲಿದೆ, ಎಷ್ಟು ಜಾಗ ಖಾಲಿ ಇದೆ ಎಂಬ ಲೆಕ್ಕ ಇಡುವುದು ಫೈಲ್ ಸಿಸ್ಟಮ್. ವಿಂಡೋಸಿನ ಲೆಕ್ಕದ ಪುಸ್ತಕ ಎನ್‌ಟಿಎಫ್‌ಎಸ್, 1993ರ ವಿಂಡೋಸ್ ಎನ್‌ಟಿಯಿಂದ ಬಂದದ್ದು. ಲಿನಕ್ಸಿನಲ್ಲಿ ಸಾಮಾನ್ಯವಾಗಿ ಇಎಕ್ಸ್‌ಟಿ4, ಕೆಲವು ಕಡೆ ಬಿಟಿಆರ್‌ಎಫ್‌ಎಸ್. ಎನ್‌ಟಿಎಫ್‌ಎಸ್ ಓದಿ ಬರೆಯುವುದನ್ನು ಲಿನಕ್ಸ್ ಕಲಿತಿದೆ. ಇಎಕ್ಸ್‌ಟಿ4 ಓದುವುದನ್ನು ವಿಂಡೋಸ್ ತಾನಾಗಿ ಇವತ್ತಿಗೂ ಕಲಿತಿಲ್ಲ. ಎರಡು ದಿಕ್ಕಿನ ಅನುಭವ ಇಷ್ಟು ಬೇರೆಯಾಗಿರುವುದಕ್ಕೆ ಇದೇ ಕಾರಣ.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಪ್ರತಿ ಓಎಸ್ ತನ್ನ ಪಾರ್ಟಿಷನ್ನಿಗೆ ತಾನೊಬ್ಬನೇ ಯಜಮಾನ ಎಂದುಕೊಂಡಿರುತ್ತದೆ. ಅದು ಮಲಗಿದ್ದಾಗ ಇನ್ನೊಬ್ಬರು ಬಂದು ಲೆಕ್ಕದ ಪುಸ್ತಕ ತಿದ್ದಬಹುದು ಎಂಬ ಕಲ್ಪನೆಯೇ ಅದಕ್ಕಿಲ್ಲ. ಹಾಗಾಗಿ ಓದುವುದಕ್ಕೆ ಹೆಚ್ಚು ಹೆದರಬೇಕಿಲ್ಲ. ಬರೆಯುವ ಮೊದಲು ಮಾತ್ರ ಆ ಕಡೆಯ ಓಎಸ್ ಪೂರ್ತಿ ಕೈಬಿಟ್ಟಿದೆಯೇ ಎಂದು ಖಾತ್ರಿ ಮಾಡಿಕೊಳ್ಳಲೇಬೇಕು. ಮುಂದೆ ಹೇಳುವ ಎಚ್ಚರಿಕೆಗಳಲ್ಲಿ ಹೆಚ್ಚಿನವು ಇದರಿಂದಲೇ ಹುಟ್ಟಿದವು.

ಲಿನಕ್ಸಿನಿಂದ ವಿಂಡೋಸ್ ಕಡೆಗೆ

ಬಹುಪಾಲು ಸಂದರ್ಭಗಳಲ್ಲಿ ಫೈಲ್ ಮ್ಯಾನೇಜರ್ ತೆರೆದು ಎಡಗಡೆಯ ಪಟ್ಟಿಯಲ್ಲಿ ಕಾಣುವ ವಿಂಡೋಸ್ ಪಾರ್ಟಿಷನ್ ಮೇಲೆ ಕ್ಲಿಕ್ ಮಾಡಿದರೆ ಸಾಕು. ಅದು ಹೆಸರಿನ ಬದಲು '476 ಜಿಬಿ ವಾಲ್ಯೂಮ್' ಎಂಬಂತೆ ಬರೀ ಗಾತ್ರದಿಂದಲೂ ಕಾಣಿಸಬಹುದು. ಪಾಸ್‌ವರ್ಡ್ ಕೇಳಿದರೆ ಲಿನಕ್ಸಿನ ಪಾಸ್‌ವರ್ಡ್ ಕೊಡಿ. ಉಬುಂಟುವಿನಲ್ಲಿ ಅದು ಮೀಡಿಯಾ ಫೋಲ್ಡರಿನೊಳಗೆ ನಿಮ್ಮ ಹೆಸರಿನ ಕೆಳಗೆ ಮೌಂಟ್ ಆಗುತ್ತದೆ (ಅಂದರೆ ಒಂದು ಫೋಲ್ಡರಿನಂತೆ ಜೋಡಣೆಯಾಗಿ ತೆರೆದುಕೊಳ್ಳುತ್ತದೆ), ಫೆಡೋರಾದಲ್ಲಿ ರನ್ ಫೋಲ್ಡರಿನೊಳಗಿನ ಮೀಡಿಯಾದಲ್ಲಿ.

ಯಾವುದು ಯಾವ ಪಾರ್ಟಿಷನ್ ಎಂದು ಗೊಂದಲವಾದರೆ ಟರ್ಮಿನಲ್ಲಿನಲ್ಲಿ 'ಎಲ್‌ಎಸ್‌ಬಿಎಲ್‌ಕೆ -ಎಫ್' ಎಂಬ ಕಮಾಂಡ್ ಕೊಡಿ. ಡಿಸ್ಕು, ಅದರ ಕೆಳಗೆ ಒಂದೊಂದೇ ಪಾರ್ಟಿಷನ್, ಎದುರಿಗೆ ಫೈಲ್ ಸಿಸ್ಟಮ್, ಲೇಬಲ್, ಯುಯುಐಡಿ (ಆ ಪಾರ್ಟಿಷನ್ನಿಗಷ್ಟೇ ಸೇರಿದ ಗುರುತಿನ ಸಂಖ್ಯೆ) ಎಲ್ಲ ಸಾಲಾಗಿ ಬರುತ್ತವೆ. 'ವಿಫ್ಯಾಟ್' ಎಂದಿರುವ ನೂರಿನ್ನೂರು ಎಂಬಿಯ ಪುಟ್ಟ ಪಾರ್ಟಿಷನ್ ಬೂಟ್ ಆಗಲು ಬೇಕಾದ ಇಎಫ್‌ಐ ಪಾರ್ಟಿಷನ್, ಅದರ ತಂಟೆಗೆ ಹೋಗಬೇಡಿ. 'ಎನ್‌ಟಿಎಫ್‌ಎಸ್' ಎಂದಿರುವ ಸಣ್ಣದು ವಿಂಡೋಸಿನ ರಿಕವರಿ. ಎಲ್ಲಕ್ಕಿಂತ ದೊಡ್ಡ ಎನ್‌ಟಿಎಫ್‌ಎಸ್ ಸಾಮಾನ್ಯವಾಗಿ ಸಿ ಡ್ರೈವ್.

ಒಳಗೆ ಹೋದಮೇಲೆ ಫೈಲುಗಳು 'ಯೂಸರ್ಸ್' ಫೋಲ್ಡರಿನಲ್ಲಿ ನಿಮ್ಮ ವಿಂಡೋಸ್ ಹೆಸರಿನ ಕೆಳಗಿರುತ್ತವೆ. ಡೆಸ್ಕ್‌ಟಾಪ್ ಫೋಲ್ಡರ್ ತೆರೆದರೆ ಖಾಲಿ ಇದೆಯೆಂದು ಹಲವರು ಗಾಬರಿಯಾಗುತ್ತಾರೆ. ವಿಂಡೋಸಿನಲ್ಲಿ ಒನ್‌ಡ್ರೈವ್ ಬ್ಯಾಕಪ್ ಚಾಲೂ ಇದ್ದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮೂರೂ ಒನ್‌ಡ್ರೈವ್ ಫೋಲ್ಡರಿನ ಒಳಕ್ಕೆ ಹೋಗಿರುತ್ತವೆ, ಅಲ್ಲಿ ಹುಡುಕಿ. ಅಲ್ಲೂ ಕೆಲವು ಫೈಲುಗಳ ಹೆಸರು ಮಾತ್ರ ಕಾಣಿಸಿ, ತೆರೆಯಹೋದರೆ 'ಅನ್‌ಸಪೋರ್ಟೆಡ್ ರೀಪಾರ್ಸ್ ಪಾಯಿಂಟ್' ಎಂದು ಬರಬಹುದು. ಅಂಥ ಫೈಲಿನ ಒಳಗಿನ ಮಾಹಿತಿ ನಿಮ್ಮ ಡಿಸ್ಕಿನಲ್ಲಿ ಇಲ್ಲದೇ ಇರಬಹುದು. ಅದು ಕ್ಲೌಡಿನಲ್ಲಿದ್ದು, ಇಲ್ಲಿರುವುದು ಹೆಸರು ಹೊತ್ತ ಗುರುತು ಮಾತ್ರ. ವಿಂಡೋಸಿಗೆ ಹೋಗಿ ಆ ಫೈಲಿನ ಮೇಲೆ ಬಲ ಕ್ಲಿಕ್ ಮಾಡಿ 'ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್' ಕೊಟ್ಟು ಇಳಿಸಿಕೊಳ್ಳಿ, ಇಲ್ಲವೇ ಒನ್‌ಡ್ರೈವ್ ವೆಬ್‌ಸೈಟಿನಿಂದ ತೆಗೆದುಕೊಳ್ಳಿ.

ಶಟ್‌ಡೌನ್ ಮಾಡಿದರೂ ಪೂರ್ತಿ ಮಲಗದ ವಿಂಡೋಸ್

ಡ್ಯುಯಲ್ ಬೂಟ್ ಮಾಡಿದವರನ್ನು, ಅಂದರೆ ಹೀಗೆ ಎರಡು ಓಎಸ್ ಹಾಕಿಕೊಂಡವರನ್ನು, ಅತಿ ಹೆಚ್ಚು ಕಾಡುವುದು ಇದೇ. ಪಾರ್ಟಿಷನ್ ತೆರೆಯುತ್ತದೆ, ಫೈಲುಗಳು ಕಾಣುತ್ತವೆ, ಆದರೆ ಏನನ್ನೂ ಉಳಿಸಲು ಬಿಡುವುದಿಲ್ಲ, 'ರೀಡ್ ಓನ್ಲಿ' ಎನ್ನುತ್ತದೆ. ಕೆಲವೊಮ್ಮೆ ಮೌಂಟ್ ಆಗಲೂ ಒಪ್ಪದೆ, ಫೈಲ್ ಸಿಸ್ಟಮ್ ಸ್ವಚ್ಛ ಸ್ಥಿತಿಯಲ್ಲಿಲ್ಲ, ಮಾಹಿತಿ ವಿಂಡೋಸಿನ ಕ್ಯಾಶ್‌ನಲ್ಲಿ ಉಳಿದಿದೆ ಎಂಬ ಸಂದೇಶ ಕೊಡುತ್ತದೆ.

2012ರ ವಿಂಡೋಸ್ 8ರಿಂದ 'ಫಾಸ್ಟ್ ಸ್ಟಾರ್ಟಪ್' ಎಂಬ ಏರ್ಪಾಡು ಬಂತು. ಅದು ಚಾಲೂ ಇದ್ದಾಗ ನೀವು ಶಟ್‌ಡೌನ್ ಒತ್ತಿದರೆ ನಿಮ್ಮ ಪ್ರೋಗ್ರಾಮುಗಳು ಮುಚ್ಚುತ್ತವೆ, ನೀವು ಲಾಗೌಟ್ ಆಗುತ್ತೀರಿ. ಆದರೆ ವಿಂಡೋಸಿನ ಕರ್ನಲ್, ಅಂದರೆ ಅದರ ತಿರುಳು ಭಾಗ, ಮುಚ್ಚುವುದಿಲ್ಲ. ಅದರ ಮೆಮೊರಿಯಲ್ಲಿದ್ದ ಎಲ್ಲವೂ 'ಹೈಬರ್‌ಫಿಲ್' ಎಂಬ ಫೈಲಿಗೆ ಇಳಿದು ಕೂತಿರುತ್ತದೆ. ಮರುದಿನ ಸ್ವಿಚ್ ಹಾಕಿದಾಗ ಅದನ್ನೇ ಮೆಮೊರಿಗೆ ಎತ್ತಿಕೊಂಡು ಬೇಗ ಏಳುತ್ತದೆ. ಆ ಮೆಮೊರಿಯಲ್ಲಿ ಡಿಸ್ಕಿನ ಲೆಕ್ಕದ ಪ್ರತಿಯೂ ಸೇರಿರುತ್ತದೆ. ನಡುವೆ ಲಿನಕ್ಸ್ ಬಂದು ಡಿಸ್ಕಿನ ಮೇಲೆ ಹೊಸ ಫೈಲು ಬರೆದಿತು ಎನ್ನಿ. ಎದ್ದ ವಿಂಡೋಸ್ ತನ್ನ ಹಳೆಯ ಪ್ರತಿಯನ್ನೇ ನಂಬಿ, ಹೊಸ ಫೈಲು ಕೂತ ಜಾಗ ಖಾಲಿಯೆಂದುಕೊಂಡು ಅದರ ಮೇಲೆಯೇ ಬರೆದುಬಿಡಬಹುದು. ಹಾಕಿದ ಫೈಲು ಮಾಯವಾಗುವುದು, ಇಡೀ ಫೋಲ್ಡರೇ ಕೆಡುವುದು ಹೀಗೆ. ಲಿನಕ್ಸ್ ಬರೆಯಲು ನಿರಾಕರಿಸುವುದು ನಿಮ್ಮ ಒಳಿತಿಗೇ.

ಇದು ಸಿ ಡ್ರೈವಿಗಷ್ಟೇ ಸೀಮಿತವೆಂದು ತಿಳಿಯಬೇಡಿ. ವಿಂಡೋಸ್ ಆ ಹೊತ್ತಿಗೆ ಮೌಂಟ್ ಮಾಡಿಕೊಂಡಿದ್ದ ಡಿ, ಇ ಡ್ರೈವುಗಳಿಗೂ ಅನ್ವಯಿಸುತ್ತದೆ.

ಪರಿಹಾರ ವಿಂಡೋಸಿನಲ್ಲೇ ಆಗಬೇಕು. ಕಂಟ್ರೋಲ್ ಪ್ಯಾನೆಲ್ ತೆರೆದು ಪವರ್ ಆಪ್ಷನ್ಸ್‌ಗೆ ಹೋಗಿ. ಎಡಗಡೆ 'ಚೂಸ್ ವಾಟ್ ದ ಪವರ್ ಬಟನ್ಸ್ ಡೂ' ಒತ್ತಿ. ಕೆಳಗಿನ ಆಯ್ಕೆಗಳು ಮಸುಕಾಗಿರುತ್ತವೆ, ಮೇಲಿರುವ 'ಚೇಂಜ್ ಸೆಟ್ಟಿಂಗ್ಸ್ ದಟ್ ಆರ್ ಕರೆಂಟ್ಲಿ ಅನ್‌ಅವೇಲಬಲ್' ಒತ್ತಿದರೆ ತೆರೆದುಕೊಳ್ಳುತ್ತವೆ. 'ಟರ್ನ್ ಆನ್ ಫಾಸ್ಟ್ ಸ್ಟಾರ್ಟಪ್' ಎದುರಿನ ಟಿಕ್ ತೆಗೆದು ಸೇವ್ ಮಾಡಿ. ಹೈಬರ್ನೇಟ್ (ತೆರೆದ ಕೆಲಸವನ್ನೆಲ್ಲ ಡಿಸ್ಕಿಗೆ ಇಳಿಸಿ ಕಂಪ್ಯೂಟರ್ ಆರಿಸುವುದು) ಬೇಡವೇ ಬೇಡ ಎನ್ನುವವರು ಅಡ್ಮಿನ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟಿನಲ್ಲಿ 'ಪವರ್‌ಸಿಎಫ್‌ಜಿ /ಎಚ್ ಆಫ್' ಕೊಡಬಹುದು. ಇದರಿಂದ ಹೈಬರ್ನೇಟ್, ಫಾಸ್ಟ್ ಸ್ಟಾರ್ಟಪ್ ಎರಡೂ ಹೋಗಿ, ಆ ದೊಡ್ಡ ಹೈಬರ್‌ಫಿಲ್ ಫೈಲೂ ಅಳಿಯುತ್ತದೆ. ಡ್ಯುಯಲ್ ಬೂಟ್ ಯಂತ್ರಕ್ಕೆ ಇದೇ ಮೇಲು. ಆಮೇಲೆ ಒಮ್ಮೆ ವಿಂಡೋಸನ್ನು ಪೂರ್ತಿ ಶಟ್‌ಡೌನ್ ಮಾಡಿಯೇ ಲಿನಕ್ಸಿಗೆ ಬನ್ನಿ.

ಸೆಟ್ಟಿಂಗ್ ಬದಲಿಸಲು ಪುರುಸೊತ್ತಿಲ್ಲ ಎಂದಾಗ ಎರಡು ಚಿಕ್ಕ ದಾರಿಗಳಿವೆ. ಶಿಫ್ಟ್ ಕೀ ಒತ್ತಿಹಿಡಿದು ಶಟ್‌ಡೌನ್ ಕ್ಲಿಕ್ ಮಾಡಿದರೆ ಪೂರ್ತಿ ಮುಚ್ಚುತ್ತದೆ. 'ರೀಸ್ಟಾರ್ಟ್' ಕೊಟ್ಟರೂ ಕರ್ನಲ್ ಪೂರ್ತಿ ಮುಚ್ಚಿಯೇ ಮತ್ತೆ ಶುರುವಾಗುತ್ತದೆ, ಹಾಗಾಗಿ ರೀಸ್ಟಾರ್ಟ್ ಕೊಟ್ಟು ಬೂಟ್ ಮೆನುವಿನಲ್ಲಿ ಲಿನಕ್ಸ್ ಆರಿಸಿಕೊಂಡರೂ ನಡೆಯುತ್ತದೆ.

ಈ ತೊಂದರೆಗೆ ಲಿನಕ್ಸ್ ಕಡೆಯಿಂದ 'ರಿಮೂವ್ ಹೈಬರ್‌ಫೈಲ್' ಆಯ್ಕೆ ಹಾಕಿ ಮೌಂಟ್ ಮಾಡಿ ಎಂಬ ಸಲಹೆ ಆಗಾಗ ಕಣ್ಣಿಗೆ ಬೀಳುತ್ತದೆ. ಅದು ಮಲಗಿದ್ದ ವಿಂಡೋಸಿನ ಸ್ಥಿತಿಯನ್ನೇ ಅಳಿಸುತ್ತದೆ, ಹೈಬರ್ನೇಟ್ ಮಾಡುವಾಗ ಉಳಿಸದೆ ತೆರೆದಿಟ್ಟಿದ್ದ ಕೆಲಸವೆಲ್ಲ ಹೋಗುತ್ತದೆ. ವಿಂಡೋಸ್ ಬೂಟ್ ಆಗುವ ಸ್ಥಿತಿಯಲ್ಲೇ ಇಲ್ಲ ಎಂದಾಗ ಮಾತ್ರ ಇದನ್ನು ಯೋಚಿಸಿ. 'ಎನ್‌ಟಿಎಫ್‌ಎಸ್‌ಫಿಕ್ಸ್' ಕೂಡ ಹೆಸರಿನಷ್ಟು ಕೆಲಸ ಮಾಡುವುದಿಲ್ಲ. ಕೆಲವು ಸಣ್ಣ ದೋಷ ತಿದ್ದಿ, ವಿಂಡೋಸ್ ಮುಂದಿನ ಸಲ ತಾನೇ ಪರೀಕ್ಷಿಸಲಿ ಎಂದು ಗುರುತು ಹಾಕುತ್ತದೆ ಅಷ್ಟೆ. ಎನ್‌ಟಿಎಫ್‌ಎಸ್‌ನ ನಿಜವಾದ ರಿಪೇರಿ ವಿಂಡೋಸಿನ 'ಚೆಕ್‌ಡಿಸ್ಕ್' ಮಾಡಬೇಕಾದ್ದು. ಅದಕ್ಕೆ ಸರಿಸಮವಾದದ್ದು ಲಿನಕ್ಸಿನಲ್ಲಿ ಇದೆಯೆಂದು ನಂಬಿ ಕೂರಬೇಡಿ.

ಬಿಟ್‌ಲಾಕರ್ ಬೀಗ

'ಎಲ್‌ಎಸ್‌ಬಿಎಲ್‌ಕೆ -ಎಫ್' ಕೊಟ್ಟಾಗ ಎನ್‌ಟಿಎಫ್‌ಎಸ್ ಬದಲು 'ಬಿಟ್‌ಲಾಕರ್' ಎಂದು ಬಂದರೆ ಆ ಪಾರ್ಟಿಷನ್ ಗೂಢಲಿಪಿಯಲ್ಲಿದೆ. ವಿಂಡೋಸ್ 11ರ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಇದು ನೀವು ಕೇಳದಿದ್ದರೂ ಮೊದಲೇ ಚಾಲೂ ಇರುತ್ತದೆ. ವಿಂಡೋಸಿನಲ್ಲಿ ಯಾವ ಪಾಸ್‌ವರ್ಡೂ ಕೇಳದೆ ತೆರೆಯುವುದೇಕೆಂದರೆ ಬೀಗದ ಕೈ ಮದರ್‌ಬೋರ್ಡಿನ ಟಿಪಿಎಂ ಚಿಪ್ಪಿನಲ್ಲಿದೆ, ಅದು ವಿಂಡೋಸಿಗೆ ಮಾತ್ರ ಕೈ ಕೊಡುತ್ತದೆ. ಲಿನಕ್ಸಿಗೆ ನೀವೇ 48 ಅಂಕಿಗಳ ರಿಕವರಿ ಕೀ ಕೊಡಬೇಕು. ಅದು ಆರಾರು ಅಂಕಿಗಳ ಎಂಟು ಗುಂಪಾಗಿರುತ್ತದೆ. ನಡುವಿನ ಅಡ್ಡಗೆರೆಗಳನ್ನೂ ಸೇರಿಸಿಯೇ ಹಾಕಿ.

ಆ ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯ ಪುಟದಲ್ಲಿ ಸಿಗಬಹುದು. ವಿಂಡೋಸಿನೊಳಗೇ ನೋಡಬೇಕಾದರೆ ಅಡ್ಮಿನ್ ಕಮಾಂಡ್ ಪ್ರಾಂಪ್ಟಿನಲ್ಲಿ 'ಮ್ಯಾನೇಜ್-ಬಿಡಿಇ -ಪ್ರೊಟೆಕ್ಟರ್ಸ್ -ಗೆಟ್ ಸಿ:' ಎಂದು ಕೊಟ್ಟರೆ ಬರುತ್ತದೆ. ಕಾಗದದ ಮೇಲೆ ಬರೆದಿಡಿ. ಇದನ್ನು ಒತ್ತಿ ಹೇಳಲು ಇನ್ನೊಂದು ಕಾರಣವಿದೆ: ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ ಬದಲಿಸಿದರೆ ಅಥವಾ ಬೂಟ್ ಏರ್ಪಾಡು ಮಾರ್ಪಟ್ಟರೆ ವಿಂಡೋಸೇ ಈ ಕೀ ಕೇಳಿ ನಿಂತುಬಿಡಬಹುದು. ಕೀ ಇಲ್ಲದಿದ್ದರೆ ಫೈಲುಗಳು ಎರಡೂ ಕಡೆಯಿಂದ ಕೈತಪ್ಪಿದಂತೆ.

ಕೀ ಕೈಯಲ್ಲಿದ್ದರೆ ಉಳಿದದ್ದು ಸುಲಭ. ಈಚಿನ ಗ್ನೋಮ್ ಡೆಸ್ಕ್‌ಟಾಪಿನಲ್ಲಿ ಪಾರ್ಟಿಷನ್ ಮೇಲೆ ಕ್ಲಿಕ್ ಮಾಡಿದರೆ ಕೀ ಕೇಳುತ್ತದೆ, ಹಾಕಿದರೆ ತೆರೆಯುತ್ತದೆ. ಟರ್ಮಿನಲ್ಲೇ ಬೇಕೆಂದರೆ 'ಕ್ರಿಪ್ಟ್‌ಸೆಟಪ್' 2020ರ 2.3 ಆವೃತ್ತಿಯಿಂದ ಬಿಟ್‌ಲಾಕರ್ ತೆರೆಯಬಲ್ಲದು. ಓಪನ್ ಕಮಾಂಡಿಗೆ 'ಬಿಐಟಿಎಲ್‌ಕೆ' ಎಂಬ ಟೈಪ್ ಹೇಳಿ, ಪಾರ್ಟಿಷನ್ನಿನ ಹೆಸರು ಕೊಟ್ಟು, ಕೊನೆಗೆ ನಿಮಗಿಷ್ಟವಾದ ಒಂದು ಹೆಸರು ಕೊಟ್ಟರೆ ಡೆವ್ ಫೋಲ್ಡರಿನೊಳಗಿನ ಮ್ಯಾಪರ್‌ನಲ್ಲಿ ಅದೇ ಹೆಸರಿನ ಡಿಸ್ಕು ಕಾಣಿಸಿಕೊಳ್ಳುತ್ತದೆ. ಅದನ್ನು ಮಾಮೂಲಿನಂತೆ ಮೌಂಟ್ ಮಾಡಿ.

ಪ್ರತಿ ಸಲ ಕ್ಲಿಕ್ ಮಾಡದೆ ತಾನಾಗಿ ಮೌಂಟ್ ಆಗಲು

ದಿನವೂ ಬಳಸುವ ಪಾರ್ಟಿಷನ್ ಆದರೆ ಇಟಿಸಿ ಫೋಲ್ಡರಿನ 'ಎಫ್‌ಎಸ್‌ಟ್ಯಾಬ್' ಫೈಲಿನಲ್ಲಿ ಒಂದು ಸಾಲು ಸೇರಿಸಬೇಕು. ಮೊದಲು ಆ ಫೈಲಿನದೊಂದು ಪ್ರತಿ ತೆಗೆದಿಟ್ಟುಕೊಳ್ಳಿ. ಹಾಗೆಯೇ ಎಂಎನ್‌ಟಿ ಒಳಗೆ 'ಡೇಟಾ' ಎಂಬ ಖಾಲಿ ಫೋಲ್ಡರ್ ಮಾಡಿಡಿ.

ಆ ಸಾಲಿನಲ್ಲಿ ಆರು ಅಂಕಣಗಳು, ನಡುವೆ ಖಾಲಿ ಜಾಗ. ಮೊದಲನೆಯದು ಯಾವ ಪಾರ್ಟಿಷನ್ ಎಂಬುದು. ಇಲ್ಲಿ ಎನ್‌ವಿಎಂಇ, ಎಸ್‌ಡಿಎ ಇತ್ಯಾದಿ ಹೆಸರು ಹಾಕಬೇಡಿ, ಇನ್ನೊಂದು ಡಿಸ್ಕು ಸಿಕ್ಕಿಸಿದರೆ ಅವು ಅದಲುಬದಲಾಗಬಹುದು. ಯುಯುಐಡಿ ಹಾಕಿ. ಎನ್‌ಟಿಎಫ್‌ಎಸ್‌ನ ಯುಯುಐಡಿ ಅಡ್ಡಗೆರೆ ಇಲ್ಲದ 16 ಅಕ್ಷರ, ಇಎಕ್ಸ್‌ಟಿ4ದು ಅಡ್ಡಗೆರೆಗಳೂ ಸೇರಿ 36. ಯಾವುದನ್ನು ನಕಲು ಮಾಡಿದ್ದೀರಿ ಎಂದು ಉದ್ದ ನೋಡಿಯೇ ಹೇಳಬಹುದು. ಎರಡನೆಯದು ಎಲ್ಲಿ ಮೌಂಟ್ ಆಗಬೇಕು ಎಂಬುದು, ಅಂದರೆ ಆ ಡೇಟಾ ಫೋಲ್ಡರ್. ಮೂರನೆಯದು ಡ್ರೈವರ್. ನಾಲ್ಕನೆಯದು ಆಯ್ಕೆಗಳು. ಐದು ಮತ್ತು ಆರನೆಯವು ಎರಡೂ 0. ಆರನೆಯದರಲ್ಲಿ ಬೇರೆ ಅಂಕಿ ಹಾಕಿದರೆ ಬೂಟ್ ಆಗುವಾಗ ಲಿನಕ್ಸ್ ಅದನ್ನು ಪರೀಕ್ಷಿಸಲು ಹೊರಡುತ್ತದೆ, ಎನ್‌ಟಿಎಫ್‌ಎಸ್‌ಗೆ ಅದು ಬೇಡ.

ಹೆಚ್ಚು ಬಳಕೆಯಲ್ಲಿರುವ ಡ್ರೈವರ್ ಎರಡು. 'ಎನ್‌ಟಿಎಫ್‌ಎಸ್-3ಜಿ' 2007ರಲ್ಲಿ ಸ್ಥಿರ ಆವೃತ್ತಿ ಕಂಡದ್ದು, ಕರ್ನಲ್ಲಿನ ಹೊರಗೆ ಓಡುವುದರಿಂದ ಸ್ವಲ್ಪ ನಿಧಾನ, ಆದರೆ ಪಳಗಿದ ಕೈ. 'ಎನ್‌ಟಿಎಫ್‌ಎಸ್3' 2021ರಲ್ಲಿ ಲಿನಕ್ಸ್ 5.15ರ ಜೊತೆ ಕರ್ನಲ್ಲಿನೊಳಕ್ಕೆ ಬಂದದ್ದು, ವೇಗ ಹೆಚ್ಚು. ವಿಂಡೋಸಿನಿಂದ ಮುಖ್ಯ ದಾಖಲೆಗಳನ್ನು ಹಂಚಿಕೊಳ್ಳುವ ಪಾರ್ಟಿಷನ್ನಿಗೆ ಮೊದಲನೆಯದೇ ಸಾಕು. ದೊಡ್ಡ ದೊಡ್ಡ ವೀಡಿಯೊ ಫೈಲುಗಳನ್ನು ದಿನವಿಡೀ ಓಡಾಡಿಸುವವರಿಗೆ ಎರಡನೆಯದರ ವೇಗ ಗೊತ್ತಾಗುತ್ತದೆ.

ಆಯ್ಕೆಗಳಲ್ಲಿ 'ಯುಐಡಿ=1000, ಜಿಐಡಿ=1000' ಹಾಕಿದರೆ ಫೈಲುಗಳೆಲ್ಲ ನಿಮ್ಮವಾಗಿ ಕಾಣುತ್ತವೆ. ಇನ್‌ಸ್ಟಾಲ್ ಮಾಡುವಾಗ ಸೃಷ್ಟಿಸಿದ ಮೊದಲ ಬಳಕೆದಾರರ ಸಂಖ್ಯೆ ಸಾಮಾನ್ಯವಾಗಿ 1000, 'ಐಡಿ' ಕಮಾಂಡ್ ಕೊಟ್ಟು ಖಚಿತಪಡಿಸಿಕೊಳ್ಳಿ. ಎಲ್ಲ ಕಡೆ ಕಾಣುವ 'ಯುಮಾಸ್ಕ್=022' ಬದಲು 'ಡಿಮಾಸ್ಕ್=022, ಎಫ್‌ಮಾಸ್ಕ್=133' ಹಾಕುವುದು ಚೆನ್ನ. ಇಲ್ಲದಿದ್ದರೆ ಫೋಟೊ, ಪಠ್ಯ ಎಲ್ಲವೂ ಓಡಿಸಬಹುದಾದ ಪ್ರೋಗ್ರಾಮುಗಳಂತೆ ಕಾಣುತ್ತವೆ. 'ವಿಂಡೋಸ್_ನೇಮ್ಸ್' ಇದ್ದರೆ ವಿಂಡೋಸ್ ಒಪ್ಪದ ಹೆಸರನ್ನು ಲಿನಕ್ಸೂ ಇಡಲು ಬಿಡುವುದಿಲ್ಲ. ಪ್ರಶ್ನಾರ್ಥಕ, ಕೋಲನ್, ನಕ್ಷತ್ರ ಚಿಹ್ನೆ, ಉದ್ಧರಣ ಚಿಹ್ನೆಗಳು ಹೆಸರಿನಲ್ಲಿದ್ದ ಫೈಲನ್ನು ಲಿನಕ್ಸ್ ಖುಷಿಯಾಗಿ ಉಳಿಸುತ್ತದೆ, ಆಮೇಲೆ ವಿಂಡೋಸಿನಲ್ಲಿ ಅದನ್ನು ತೆರೆಯಲೂ ಆಗದೆ ಅಳಿಸಲೂ ಆಗದೆ ಒದ್ದಾಡಬೇಕಾಗುತ್ತದೆ. ಇನ್ನು 'ನೋಫೇಲ್' ಅನ್ನು ಮರೆಯಲೇಬೇಡಿ. ಅದಿಲ್ಲದೆ ಈ ಪಾರ್ಟಿಷನ್ ಯಾವತ್ತೋ ಒಂದು ದಿನ ಮೌಂಟ್ ಆಗದಿದ್ದರೆ ಲಿನಕ್ಸ್ ಬೂಟೇ ಆಗದೆ ಎಮರ್ಜೆನ್ಸಿ ಮೋಡಿನ ಕಪ್ಪು ಪರದೆಯಲ್ಲಿ ನಿಂತುಬಿಡಬಹುದು.

ಕಾಮಾ ನಂತರ ಜಾಗ ಬಿಡದೆ ಆಯ್ಕೆಗಳನ್ನು ಒತ್ತೊತ್ತಾಗಿ ಬರೆಯಬೇಕು. ಜಾಗ ಬಿಟ್ಟರೆ ಅದು ಮುಂದಿನ ಅಂಕಣವಾಗಿಬಿಡುತ್ತದೆ. ಉಳಿಸಿದಮೇಲೆ ರೀಬೂಟ್ ಮಾಡಲು ಅವಸರಿಸಬೇಡಿ, 'ಸುಡೊ ಮೌಂಟ್ -ಎ' ಕೊಟ್ಟು ನೋಡಿ. ತಪ್ಪಿದ್ದರೆ ಅಲ್ಲೇ ಹೇಳುತ್ತದೆ, ತಿದ್ದುವುದು ಸುಲಭ.

ಇಷ್ಟಾದರೂ ಯಾವುದಾದರೂ ಒಂದು ಪ್ರೋಗ್ರಾಮಿಗೆ ಮಾತ್ರ ಆ ಫೋಲ್ಡರ್ ಕಾಣದಿದ್ದರೆ ಅದು ಸ್ನ್ಯಾಪ್ ಅಥವಾ ಫ್ಲಾಟ್‌ಪ್ಯಾಕ್, ಅಂದರೆ ಉಳಿದ ವ್ಯವಸ್ಥೆಯಿಂದ ಬೇರೆಯಾಗಿ ಕಟ್ಟಿಟ್ಟ ಪ್ರೋಗ್ರಾಮು, ಆಗಿರಬಹುದು. ಇವುಗಳಲ್ಲಿ ಎಷ್ಟೋ ಪ್ರೋಗ್ರಾಮುಗಳಿಗೆ ಹೋಮ್ ಫೋಲ್ಡರಿನಾಚೆ ನೋಡುವ ಅನುಮತಿ ಇರುವುದಿಲ್ಲ. ಸ್ನ್ಯಾಪ್ ಆದರೆ 'ರಿಮೂವಬಲ್ ಮೀಡಿಯಾ' ಅನುಮತಿ ಕೊಡಿ, ಫ್ಲಾಟ್‌ಪ್ಯಾಕ್ ಆದರೆ ಫ್ಲಾಟ್‌ಸೀಲ್ ಎಂಬ ಪ್ರೋಗ್ರಾಮಿನ ಮೂಲಕ ಫೋಲ್ಡರ್ ಸೇರಿಸಿ.

ವಿಂಡೋಸಿನಿಂದ ಲಿನಕ್ಸ್ ಕಡೆಗೆ

ಇಲ್ಲಿ ಮೊದಲು ಗುರುತಿಡಬೇಕಾದ್ದು ಒಂದು ಪುಟ್ಟ ಕಿಟಕಿ. ಲಿನಕ್ಸ್ ಪಾರ್ಟಿಷನ್ನಿಗೆ ಹೇಗೋ ಡ್ರೈವ್ ಅಕ್ಷರ ಸಿಕ್ಕಿ, ನೀವು ಅದರ ಮೇಲೆ ಡಬಲ್ ಕ್ಲಿಕ್ ಮಾಡಿದರೆ, ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು ಎಂದು ವಿಂಡೋಸ್ ಹೇಳುತ್ತದೆ. ಕೆಳಗೆ 'ಫಾರ್ಮ್ಯಾಟ್ ಡಿಸ್ಕ್', 'ಕ್ಯಾನ್ಸಲ್' ಎಂಬ ಎರಡು ಬಟನ್. ನಿಮ್ಮ ಲಿನಕ್ಸ್ ಪೂರ್ತಿ ಕ್ಷೇಮವಾಗಿರುತ್ತದೆ, ವಿಂಡೋಸಿಗೆ ಅದರ ಭಾಷೆ ಬರುವುದಿಲ್ಲ ಅಷ್ಟೆ. ಕ್ಯಾನ್ಸಲ್ ಒತ್ತಿ. ಆಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಆ ಪಾರ್ಟಿಷನ್ನಿನ ಡ್ರೈವ್ ಅಕ್ಷರ ತೆಗೆದುಹಾಕಿ, ಮನೆಯ ಬೇರೆಯವರು ಬಳಸುವ ಕಂಪ್ಯೂಟರಾದರೆ ಇದನ್ನು ಇವತ್ತೇ ಮಾಡಿ.

ಅಪರೂಪಕ್ಕೊಮ್ಮೆ ಒಂದೆರಡು ಫೈಲು ಬೇಕಾದವರಿಗೆ ಓದಲು ಮಾತ್ರ ಬಿಡುವ ಪ್ರೋಗ್ರಾಮುಗಳು ಸರಿ. ಡಿಸ್ಕ್‌ಇಂಟರ್ನಲ್ಸ್ ಸಂಸ್ಥೆಯ ಲಿನಕ್ಸ್ ರೀಡರ್ ಅಂಥದ್ದು. ಪಾರ್ಟಿಷನ್ ತೋರಿಸುತ್ತದೆ, ಬೇಕಾದ್ದನ್ನು ವಿಂಡೋಸ್ ಕಡೆಗೆ ನಕಲು ಮಾಡಿಕೊಡುತ್ತದೆ, ಅಲ್ಲಿಗೆ ಏನೂ ಬರೆಯುವುದಿಲ್ಲ. ಹಲವರ ಬಳಿ ಮೊದಲೇ ಇರುವ 7-ಜಿಪ್ ಕೂಡ ಇಎಕ್ಸ್‌ಟಿ4 ಒಳಗಿಣುಕಬಲ್ಲದು: ಅದನ್ನು ಅಡ್ಮಿನ್ ಆಗಿ ತೆರೆದು, ವಿಳಾಸದ ಪಟ್ಟಿಯಲ್ಲಿ ಎರಡು ಹಿಂಗೆರೆ, ಒಂದು ಚುಕ್ಕೆ, ಮತ್ತೊಂದು ಹಿಂಗೆರೆ ಹಾಕಿ ಎಂಟರ್ ಒತ್ತಿದರೆ ಭೌತಿಕ ಡಿಸ್ಕುಗಳ ಪಟ್ಟಿ ಬರುತ್ತದೆ. ಬಿಟಿಆರ್‌ಎಫ್‌ಎಸ್‌ಗೆ ವಿನ್‌ಬಿಟಿಆರ್‌ಎಫ್‌ಎಸ್ ಎಂಬ ಡ್ರೈವರ್ ಇದೆ. ಹಳೆಯ ಸಲಹೆಗಳಲ್ಲಿ ಕಾಣುವ 'ಎಕ್ಸ್‌ಟಿ2ಎಫ್‌ಎಸ್‌ಡಿ'ಯನ್ನು ಬಿಟ್ಟುಬಿಡಿ. ಈಗಿನ ಇಎಕ್ಸ್‌ಟಿ4ರ ಚೆಕ್‌ಸಮ್ ಮೊದಲಾದ ಸೌಲಭ್ಯಗಳನ್ನು ಅದು ಸರಿಯಾಗಿ ಅರಿಯದು, ಬರೆಯಲು ಬಿಟ್ಟರೆ ಕೆಡಿಸುವ ಭಯವಿದೆ.

ಮೈಕ್ರೋಸಾಫ್ಟಿನದೇ ದಾರಿ ಡಬ್ಲ್ಯುಎಸ್‌ಎಲ್ 2, ವಿಂಡೋಸಿನೊಳಗೇ ಲಿನಕ್ಸ್ ಓಡಿಸುವ ಏರ್ಪಾಡು. ಅದರೊಳಗೆ ನಿಜವಾದ ಲಿನಕ್ಸ್ ಕರ್ನಲ್ ಇರುವುದರಿಂದ ಇಎಕ್ಸ್‌ಟಿ4 ಅನ್ನು ಸರಿಯಾಗಿಯೇ ಓದಿ ಬರೆಯುತ್ತದೆ. ಅಡ್ಮಿನ್ ಪವರ್‌ಶೆಲ್‌ನಲ್ಲಿ 'ಡಬ್ಲ್ಯುಎಸ್‌ಎಲ್ --ಮೌಂಟ್' ಎಂದು ಡಿಸ್ಕಿನ ಹೆಸರು, ಪಾರ್ಟಿಷನ್ ಸಂಖ್ಯೆ ಕೊಟ್ಟರೆ ಫೈಲ್ ಎಕ್ಸ್‌ಪ್ಲೋರರಿನ ಲಿನಕ್ಸ್ ವಿಭಾಗದಲ್ಲಿ, ಎಂಎನ್‌ಟಿ ಒಳಗಿನ ಡಬ್ಲ್ಯುಎಸ್‌ಎಲ್ ಫೋಲ್ಡರಿನಲ್ಲಿ ಕಾಣುತ್ತದೆ. ಮುಗಿದಮೇಲೆ 'ಅನ್‌ಮೌಂಟ್' ಕೊಡಲು ಮರೆಯಬೇಡಿ. ಆದರೆ ಇದಕ್ಕೊಂದು ದೊಡ್ಡ ಮಿತಿಯಿದೆ, ಎಷ್ಟೋ ಕಡೆ ಇದನ್ನು ಹೇಳದೆ ಬಿಟ್ಟಿರುತ್ತಾರೆ. ಡಬ್ಲ್ಯುಎಸ್‌ಎಲ್ ಒಂದು ಪಾರ್ಟಿಷನ್ನನ್ನು ಮಾತ್ರ ತೆಗೆದುಕೊಳ್ಳಲಾರದು, ಇಡೀ ಡಿಸ್ಕನ್ನೇ ವಿಂಡೋಸಿನ ಕೈಯಿಂದ ಬಿಡಿಸಿಕೊಳ್ಳಬೇಕು. ವಿಂಡೋಸ್ ಓಡುತ್ತಿರುವ ಡಿಸ್ಕನ್ನು ಹಾಗೆ ಬಿಡಿಸಲು ಸಾಧ್ಯವಿಲ್ಲ. ಹಾಗಾಗಿ ಎರಡು ಓಎಸ್‌ಗಳೂ ಒಂದೇ ಎಸ್‌ಎಸ್‌ಡಿಯಲ್ಲಿರುವ ಲ್ಯಾಪ್‌ಟಾಪಿಗೆ ಈ ದಾರಿ ಮುಚ್ಚಿದೆ. ಲಿನಕ್ಸ್ ಬೇರೆ ಡಿಸ್ಕಿನಲ್ಲಿದ್ದರೆ ಇದಕ್ಕಿಂತ ಒಳ್ಳೆಯದಿಲ್ಲ.

ಇಬ್ಬರಿಗೂ ಸೇರಿದ ಒಂದು ಪಾರ್ಟಿಷನ್

ಪದೇ ಪದೇ ಆ ಕಡೆ ಈ ಕಡೆ ಫೈಲು ಬೇಕಾಗುವವರಿಗೆ ನೇರ ಸಲಹೆ: ವಿಂಡೋಸಿನ ಸಿ ಡ್ರೈವಿಗೆ ಲಿನಕ್ಸಿನಿಂದ ಬರೆಯುವುದನ್ನು, ಲಿನಕ್ಸಿನ ರೂಟ್‌ಗೆ (ಲಿನಕ್ಸ್ ಕೂತಿರುವ ಮುಖ್ಯ ಪಾರ್ಟಿಷನ್ನಿಗೆ) ವಿಂಡೋಸಿನಿಂದ ಬರೆಯುವುದನ್ನು ನಿಲ್ಲಿಸಿ. ಮೂರನೆಯದೊಂದು ಡೇಟಾ ಪಾರ್ಟಿಷನ್ ಮಾಡಿ. ಅದರಲ್ಲಿ ಏನೇ ಕೆಟ್ಟರೂ ಎರಡೂ ಓಎಸ್ ಬೂಟ್ ಆಗುತ್ತವೆ.

ಜಾಗ ಮಾಡಲು ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಸಿ ಡ್ರೈವ್ ಮೇಲೆ ಬಲ ಕ್ಲಿಕ್ ಮಾಡಿ 'ಶ್ರಿಂಕ್ ವಾಲ್ಯೂಮ್' ಕೊಡಿ. ನೂರಾರು ಜಿಬಿ ಖಾಲಿ ಇದ್ದರೂ ಕೆಲವೇ ಜಿಬಿ ಕಿರಿದಾಗಿಸಬಹುದು ಎಂದರೆ, ಕದಲಿಸಲಾಗದ ಫೈಲುಗಳು ನಡುವೆ ಕೂತಿವೆ ಎಂದರ್ಥ. ಹೈಬರ್‌ಫಿಲ್, ಪೇಜ್‌ಫೈಲ್, ರಿಸ್ಟೋರ್ ಪಾಯಿಂಟ್‌ಗಳೇ ಸಾಮಾನ್ಯವಾಗಿ ಕಾರಣ. ಅವನ್ನು ತಾತ್ಕಾಲಿಕವಾಗಿ ಆಫ್ ಮಾಡಿ ರೀಸ್ಟಾರ್ಟ್ ಮಾಡಿದರೆ ಹೆಚ್ಚು ಜಾಗ ಬಿಡುತ್ತದೆ. ಇದಕ್ಕೆಲ್ಲ ಮುಂಚೆ ಬ್ಯಾಕಪ್ ಇರಲಿ.

ಹೊಸ ಪಾರ್ಟಿಷನ್ನಿಗೆ ಎನ್‌ಟಿಎಫ್‌ಎಸ್ ಇರಲಿ. ಫ್ಯಾಟ್32ರಲ್ಲಿ 4 ಜಿಬಿ ಮುಟ್ಟುವ ಫೈಲು ಹಿಡಿಸುವುದಿಲ್ಲ. ಎಕ್ಸ್‌ಫ್ಯಾಟ್‌ಗೆ ಆ ಮಿತಿ ಇಲ್ಲ, 2019ರಲ್ಲಿ ಮೈಕ್ರೋಸಾಫ್ಟ್ ಅದರ ವಿವರ ಬಹಿರಂಗಪಡಿಸಿದ ಮೇಲೆ ಲಿನಕ್ಸಿನಲ್ಲೂ ಚೆನ್ನಾಗಿ ನಡೆಯುತ್ತದೆ. ಆದರೆ ಅದರಲ್ಲಿ ಜರ್ನಲ್ (ಮಾಡಲಿರುವ ಬದಲಾವಣೆಗಳನ್ನು ಮೊದಲೇ ಗುರುತು ಹಾಕಿಕೊಳ್ಳುವ ದಿನಚರಿ) ಇಲ್ಲ, ಬರೆಯುತ್ತಿರುವಾಗ ಕರೆಂಟ್ ಹೋದರೆ ಲೆಕ್ಕ ಅರ್ಧಕ್ಕೇ ನಿಲ್ಲುತ್ತದೆ. ಎಕ್ಸ್‌ಫ್ಯಾಟ್ ಪೆನ್‌ಡ್ರೈವಿಗೆ ಸರಿ, ಒಳಗಿನ ಡಿಸ್ಕಿಗೆ ಬೇಡ. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡುವುದು ಈ ಪಾರ್ಟಿಷನ್ನಿಗೂ ಅಷ್ಟೇ ಕಡ್ಡಾಯ.

ಇಲ್ಲಿ ದಾಖಲೆ, ಫೋಟೊ, ಹಾಡು, ವೀಡಿಯೊ ಇಡಿ. ಲಿನಕ್ಸಿನ ಹೋಮ್ ಫೋಲ್ಡರನ್ನೇ ಪೂರ್ತಿ ಇಲ್ಲಿಗೆ ತರಬೇಡಿ, ಪೈಥಾನಿನ ವರ್ಚುವಲ್ ಎನ್‌ವಿರಾನ್‌ಮೆಂಟುಗಳನ್ನೂ ಇಡಬೇಡಿ. ಅವಕ್ಕೆ ಬೇಕಾದ ಅನುಮತಿಗಳು, ಸಿಂಬಾಲಿಕ್ ಲಿಂಕುಗಳು ಇಲ್ಲಿ ಲಿನಕ್ಸ್ ರೀತಿಯಲ್ಲಿ ಉಳಿಯುವುದಿಲ್ಲ. ದೊಡ್ಡಕ್ಷರ ಸಣ್ಣಕ್ಷರದ ವ್ಯತ್ಯಾಸವಷ್ಟೇ ಇರುವ ಎರಡು ಫೈಲುಗಳನ್ನು ಒಂದೇ ಫೋಲ್ಡರಿನಲ್ಲಿಟ್ಟರೆ ಲಿನಕ್ಸಿಗೆ ಅವು ಎರಡು, ವಿಂಡೋಸಿನ ಪ್ರೋಗ್ರಾಮುಗಳಿಗೆ ಗೊಂದಲ.

ಕೆಲ ದಿನ ಬಳಸಿದ ಮೇಲೆ, ಫೈಲು ಅಳಿಸಿದರೂ ಜಾಗ ಖಾಲಿಯಾಗುತ್ತಿಲ್ಲ ಎನಿಸಬಹುದು. ಲಿನಕ್ಸಿನಲ್ಲಿ ಅಳಿಸಿದ್ದು ಆ ಪಾರ್ಟಿಷನ್ನಿನ ಮೇಲೆಯೇ 'ಟ್ರ್ಯಾಶ್-1000' ಎಂಬ, ಚುಕ್ಕೆಯಿಂದ ಶುರುವಾಗುವ ಅಡಗಿದ ಫೋಲ್ಡರಿನಲ್ಲಿರುತ್ತದೆ. ವಿಂಡೋಸಿನಲ್ಲಿ ಅಳಿಸಿದ್ದು ಅದರದೇ ರಿಸೈಕಲ್ ಬಿನ್ ಫೋಲ್ಡರಿನಲ್ಲಿ. ಒಂದರ ಕಸದ ಬುಟ್ಟಿ ಇನ್ನೊಂದಕ್ಕೆ ಬುಟ್ಟಿಯಾಗಿ ಕಾಣುವುದಿಲ್ಲ, ಎರಡೂ ಕಡೆ ಹೋಗಿ ಬೇರೆ ಬೇರೆಯಾಗಿಯೇ ಖಾಲಿ ಮಾಡಬೇಕು.

ಎರಡೂ ಲಿನಕ್ಸೇ ಆದರೆ

ಫೈಲ್ ಸಿಸ್ಟಮಿನ ತೊಡಕಿಲ್ಲ, ಅನುಮತಿಯ ತೊಡಕಿದೆ. ಲಿನಕ್ಸ್ ಫೈಲಿನ ಒಡೆಯರನ್ನು ಹೆಸರಿನಿಂದ ಗುರುತಿಸದೆ ಸಂಖ್ಯೆಯಿಂದ ಗುರುತಿಸುತ್ತದೆ. ಎರಡೂ ಕಡೆ ನಿಮ್ಮ ಸಂಖ್ಯೆ 1000 ಆಗಿದ್ದರೆ ಹೆಸರು ಬೇರೆಯಿದ್ದರೂ ಫೈಲು ನಿಮ್ಮದೇ. ಒಂದು ಕಡೆ 1001 ಆಗಿದ್ದರೆ ನಿಮ್ಮದೇ ಫೈಲಿಗೆ 'ಪರ್ಮಿಷನ್ ಡಿನೈಡ್' ಬರುತ್ತದೆ. ಹೊಸದಾಗಿ ಇನ್‌ಸ್ಟಾಲ್ ಮಾಡುವಾಗಲೇ ಸಂಖ್ಯೆ ಹೊಂದಿಸಿಕೊಳ್ಳುವುದು ಲೇಸು. ಬಿಟಿಆರ್‌ಎಫ್‌ಎಸ್ ಆದರೆ ಮೌಂಟ್ ಮಾಡಿದಾಗ ನಿಮ್ಮ ಫೈಲುಗಳು ನೇರ ಕಾಣದೆ 'ರೂಟ್', 'ಹೋಮ್' ಅಥವಾ ಅಟ್ ಚಿಹ್ನೆಯ ಹೆಸರಿನ ಸಬ್‌ವಾಲ್ಯೂಮುಗಳು ಕಾಣಬಹುದು, ಅವುಗಳ ಒಳಗೆ ನೋಡಿ.

ಒಂದು ಲಿನಕ್ಸ್ ಹೈಬರ್ನೇಟ್ ಆಗಿದ್ದರೆ ಅದರ ಪಾರ್ಟಿಷನ್ನನ್ನು ಇನ್ನೊಂದರಿಂದ ಮೌಂಟೇ ಮಾಡಬೇಡಿ. ಇಎಕ್ಸ್‌ಟಿ4 ಅನ್ನು ಓದಲು ಮಾತ್ರ ಎಂದು ಹೇಳಿ ಮೌಂಟ್ ಮಾಡಿದರೂ, ಬಾಕಿ ಉಳಿದ ಜರ್ನಲ್ ಇದ್ದರೆ ಮೊದಲು ಅದನ್ನು ಡಿಸ್ಕಿಗೆ ಬರೆದು ಮುಗಿಸುತ್ತದೆ. ಬರೆಯದಂತೆ ತಡೆಯಲು 'ನೋಲೋಡ್' ಎಂಬ ಆಯ್ಕೆಯನ್ನೂ ಜೊತೆಗೆ ಕೊಡಬೇಕು.